ಅರಗಿನ ತಟ್ಟೆಯಲ್ಲಿ ಉಳಿದ ಕುಂದಗೋಳದ ದನಿ

ಗದಗಿನ ಬಾಲಕ ಭೀಮಸೇನ ಜೋಶಿ ಗುರುವನ್ನು ಹುಡುಕುತ್ತ ಮನೆ ಬಿಟ್ಟು ಓಡಿಹೋದ ಕಥೆಯನ್ನು ಧಾರವಾಡ ಸೀಮೆಯಲ್ಲಿ ಕೇಳದವರು ಕಡಿಮೆ. ಆ ಹುಚ್ಚು ಹಿಡಿಸಿದ್ದು ಒಂದು ಗ್ರಾಮೊಫೋನ್ ತಟ್ಟೆ. ಉಸ್ತಾದ್ ಅಬ್ದುಲ್ ಕರೀಂ ಖಾನರ ಠುಮ್ರಿಯೊಂದು ಕಿವಿಗೆ ಬಿದ್ದದ್ದೇ ತಡ, ಹಾಡಿದರೆ ಹೀಗೆ ಹಾಡಬೇಕು ಎಂದು ಹುಡುಗ ನಿಶ್ಚಯಿಸಿಬಿಟ್ಟ. ಉತ್ತರ ಹಿಂದುಸ್ತಾನವನ್ನೆಲ್ಲ ಅಲೆದು ಕೊನೆಗೆ 1936ರ ಹೊತ್ತಿಗೆ ಆತ ಬಂದು ನಿಂತದ್ದು ತನ್ನೂರಿಗೆ ಹತ್ತಿರವೇ ಇದ್ದ ಕುಂದಗೋಳದಲ್ಲಿ. ಖಾನ್ ಸಾಹೇಬರ ಶಿಷ್ಯ ರಾಮಭಾವು ಕುಂದಗೋಳಕರ, ಅಂದರೆ ಸವಾಯಿ ಗಂಧರ್ವರ ಬಾಗಿಲಲ್ಲಿ. ಮೂರು ನಿಮಿಷದ ಒಂದು ಪ್ಲೇಟು ಕಿರಾಣಾ ಘರಾಣೆಗೆ ಮುಂದಿನ ತಲೆಮಾರನ್ನೇ ತಂದುಕೊಟ್ಟಿತೆನ್ನಬೇಕು.

ಇಂದು ಕುಂದಗೋಳದ ಕಾಲೇಜು ಹುಡುಗಿಗೆ ಖಾನ್ ಸಾಹೇಬರ ದನಿ ಮೊಬೈಲಿನಲ್ಲೇ ಸಿಗುತ್ತದೆ. ಆದರೆ ಭೀಮಸೇನರು ಕೇಳಿದ್ದನ್ನೇ ಆಕೆ ಕೇಳುತ್ತಿದ್ದಾಳೆಯೆ? ಅರಗಿನ ತಟ್ಟೆಯಿಂದ ಎಲ್.ಪಿ.ಗೆ, ಅಲ್ಲಿಂದ ಕ್ಯಾಸೆಟ್ಟಿಗೆ, ಸಿ.ಡಿ.ಗೆ, ಈಗ ಮೊಬೈಲಿಗೆ. ಆ ದನಿ ಇಷ್ಟು ಸಲ ಮನೆ ಬದಲಿಸಿದೆ. ಪ್ರತಿ ಸಲವೂ ಯಾರೋ ಒಬ್ಬ ಎಂಜಿನಿಯರ್ ಅದನ್ನು ತಿಕ್ಕಿ ತೊಳೆದಿದ್ದಾನೆ. ಈ ತೊಳೆಯುವ ಕೆಲಸಕ್ಕೆ ಈಗಿನ ಹೆಸರು ರಿಮಾಸ್ಟರಿಂಗ್.

ವಿದ್ಯಾರ್ಥಿಗಳಿಗೆ ಈ ಪದ ಗೊತ್ತಿರುವುದು ಬಹುಶಃ ಇಂಗ್ಲಿಷ್ ರಾಕ್ ಸಂಗೀತದಿಂದ. ಬೀಟಲ್ಸ್ ತಂಡದ ಆಲ್ಬಮ್‌ಗಳು 1987ರಲ್ಲಿ ಸಿ.ಡಿ.ಯಾಗಿ ಬಂದವು, 2009ರಲ್ಲಿ ಎಲ್ಲವೂ ರಿಮಾಸ್ಟರ್ ಆಗಿ ಮತ್ತೆ ಬಂದವು. ಯಾವುದು ಚೆನ್ನ ಎಂಬ ಜಗಳ ಅಭಿಮಾನಿಗಳಲ್ಲಿ ಇನ್ನೂ ತೀರಿಲ್ಲ. ಆದರೆ ಅವರದು ಶ್ರೀಮಂತರ ಜಗಳ. ಅಲ್ಲಿ ಮೂಲ ಟೇಪುಗಳು ಭದ್ರವಾಗಿವೆ. ಒಂದು ಆವೃತ್ತಿ ಕೆಟ್ಟರೆ ಇನ್ನೊಂದು ಮಾಡಬಹುದು. ನಮ್ಮ 78ರ ತಟ್ಟೆಗಳ ಕಾಲದಲ್ಲಿ ಟೇಪು ಎಂಬುದೇ ಇರಲಿಲ್ಲ. ಹಾಡಿದ್ದು ನೇರ ಮೇಣದ ಮೇಲೆ ಗೀರಾಗಿ ಇಳಿಯುತ್ತಿತ್ತು, ಅದರಿಂದ ಲೋಹದ ಅಚ್ಚು, ಅಚ್ಚಿನಿಂದ ತಟ್ಟೆ. ಅಚ್ಚು ಕಳೆದುಹೋದರೆ ಯಾರದೋ ಮನೆಯಲ್ಲಿ ಉಳಿದಿರುವ, ಸೂಜಿ ತಿಂದ ತಟ್ಟೆಯೇ ಮೂಲ.

ಅಂಥ ತಟ್ಟೆಯಿಂದ ದನಿ ತೆಗೆಯುವಾಗ ಮೊದಲ ಗಂಡಾಂತರ ವೇಗದ್ದು. 78 ಎಂದರೆ ನಿಮಿಷಕ್ಕೆ 78 ಸುತ್ತು ಎಂದು ನಾವು ನಂಬಿದ್ದೇವೆ, ಆದರೆ ಹಳೆಯ ಯಂತ್ರಗಳು ಅಷ್ಟು ಶಿಸ್ತಿನವಲ್ಲ. ಅಬ್ದುಲ್ ಕರೀಂ ಖಾನರು ಮೊದಲು ತುತ್ತೂರಿಯೊಳಗೆ ಹಾಡಿದ 1905ರ ಸುಮಾರಿನಲ್ಲಿ ಈ ವೇಗ ಕಂಪನಿಯಿಂದ ಕಂಪನಿಗೆ, ದಿನದಿಂದ ದಿನಕ್ಕೆ ಬದಲಾಗುತ್ತಿತ್ತು. ವೇಗ ನೂರಕ್ಕೆ 6ರಷ್ಟು ಹೆಚ್ಚಾದರೆ ದನಿ ಅರ್ಧ ಸ್ವರ ಮೇಲೇರುತ್ತದೆ. ಪೆಟ್ಟಿಗೆಯ ಭಾಷೆಯಲ್ಲಿ ಹೇಳುವುದಾದರೆ ಕರಿ ಒಂದು ಬಿಳಿ ಎರಡಾಗುತ್ತದೆ. ತಾನ ಚುರುಕಾಗುತ್ತದೆ, ಮೀಂಡ ಮೊಟಕಾಗುತ್ತದೆ. ಗಾಯಕ ಎಂದೂ ಹಾಡದ ಶ್ರುತಿಯಲ್ಲಿ, ಹಾಡದ ಲಯದಲ್ಲಿ ಹಾಡಿದಂತಾಗುತ್ತದೆ. ಅದನ್ನೇ ಕೇಳಿ ಅಭ್ಯಾಸ ಮಾಡುವ ಮಕ್ಕಳ ಗತಿಯೇನು?

ಎರಡನೆಯದು ಸೂಕ್ಷ್ಮವಾದದ್ದು. ಹಳೆಯ ತಟ್ಟೆಯ ಚರಚರ ಸದ್ದನ್ನು ಕಂಪ್ಯೂಟರ್ ಸಲೀಸಾಗಿ ತೆಗೆಯಬಲ್ಲದು. ಟಿಕ್ ಟಿಕ್ ಎನ್ನುವ ಗೀರಿನ ಸದ್ದು ಹೋಗಲಿ, ಅದರಿಂದ ನಷ್ಟವಿಲ್ಲ. ಆದರೆ ಸುಂಯ್ ಎನ್ನುವ ಅರಗಿನ ಉಸಿರು ಇದೆಯಲ್ಲ, ಅದು ಇರುವ ಎತ್ತರದ ಕಂಪನಗಳಲ್ಲೇ ತಂಬೂರಿಯ ಝೇಂಕಾರವೂ ಇರುತ್ತದೆ, ಗಾಯಕನ ಉಸಿರೂ ಸಕಾರ ಶಕಾರಗಳೂ ಇರುತ್ತವೆ. ಯಂತ್ರಕ್ಕೆ ಇವುಗಳ ಭೇದ ಅರಿಯದು. ಪೂರ್ತಿ ಸ್ವಚ್ಛ ಮಾಡಲು ಹೋದರೆ ಕಂಬಳಿ ಹೊದ್ದು ಹಾಡಿದಂಥ ದನಿ ಉಳಿಯುತ್ತದೆ. ರಾಕ್ ಸಂಗೀತದ ಡ್ರಮ್ಮು ಗಿಟಾರುಗಳು ಇಂಥ ಪೆಟ್ಟನ್ನು ಒಂದಿಷ್ಟು ತಾಳಿಕೊಂಡಾವು. ತಂಬೂರಿಯ ಆಸರೆಯಲ್ಲೇ ನಿಂತ ಕಿರಾಣಾ ಗಾಯನ ತಾಳದು. ನನ್ನನ್ನು ಕೇಳಿದರೆ, ಚೂರು ಗದ್ದಲವಿರುವ ಆವೃತ್ತಿಯೇ ಮೇಲು.

ಇದರಲ್ಲಿ ನಮಗೆ ಆಗಬೇಕಾದದ್ದೇನು ಎಂದು ಕೇಳುವವರು ಗಂಗೂಬಾಯಿ ಹಾನಗಲ್ಲರ ಹಳೆಯ ಮುದ್ರಿಕೆಗಳನ್ನು ಕೇಳಬೇಕು. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು 1930ರ ದಶಕದ ಆರಂಭದಲ್ಲಿ ಮುಂಬಯಿಗೆ ಹೋಗಿ ಎಚ್.ಎಂ.ವಿ. ಕಂಪನಿಗೆ ಹಾಡಿದರು. ತಟ್ಟೆಯ ಮೇಲೆ ಅಚ್ಚಾದ ಹೆಸರು ಗಾಂಧಾರಿ, ಹುಬ್ಬಳ್ಳಿ. ಮುಂದೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಬಂದು ಸವಾಯಿ ಗಂಧರ್ವರಲ್ಲಿ ಕಲಿತದ್ದು, ಒಂದೊಂದು ಸ್ವರಪುಂಜವನ್ನೇ ದಿನಗಟ್ಟಲೆ ತಿದ್ದಿದ್ದು ಅವರೇ ಹೇಳಿಕೊಂಡ ಸಂಗತಿ. 1940ರ ದಶಕದಲ್ಲಿ ಗಂಟಲಿನ ಶಸ್ತ್ರಚಿಕಿತ್ಸೆಯಾಯಿತು. ಆಮೇಲೆ ದನಿ ತಗ್ಗಿ ಗಡಸಾಯಿತು. 2009ರಲ್ಲಿ ಅವರು ತೀರಿಕೊಳ್ಳುವವರೆಗೂ ನಾಡು ಬಲ್ಲದ್ದು, ತಲೆಬಾಗಿದ್ದು ಆ ಗಂಡುದನಿಗೆ. ಗಾಂಧಾರಿಯ ತೆಳ್ಳನೆಯ, ಎತ್ತರದ ಕಂಠಕ್ಕೆ ಈಗ ಇರುವ ಗಟ್ಟಿ ಸಾಕ್ಷಿ ಆ ಕರಿ ತಟ್ಟೆಗಳೇ. ಅವುಗಳ ವೇಗ ತಪ್ಪಿದರೆ, ಹೊಳಪು ಉಜ್ಜಿಹೋದರೆ, ಒಂದು ದನಿ ಎರಡನೇ ಸಲ ಸತ್ತಂತೆ.

ಸವಾಯಿ ಗಂಧರ್ವರ ಪಾಲಿಗಂತೂ ತಟ್ಟೆ ಅಷ್ಟೇನೂ ಉಪಕಾರ ಮಾಡಲಿಲ್ಲ. ಅವರ ಕಂಠ ತೆರೆದುಕೊಳ್ಳಲು ಹೊತ್ತು ಬೇಕಿತ್ತು, ಒಮ್ಮೆ ತೆರೆಯಿತೆಂದರೆ ಬೆಳಗಾಗುವವರೆಗೆ ಸಭೆ ಕದಲುತ್ತಿರಲಿಲ್ಲ ಎಂದು ಕೇಳಿದವರು ಬರೆದಿದ್ದಾರೆ. ಹತ್ತಿಂಚಿನ ತಟ್ಟೆಯ ಒಂದು ಮೈ ಹಿಡಿಯುವುದು ಮೂರೇ ಚಿಲ್ಲರೆ ನಿಮಿಷ. ಖಯಾಲಿಗೆ ಅದು ಹೊಸ್ತಿಲು ದಾಟುವಷ್ಟೂ ಅಲ್ಲ. 1942ರಲ್ಲಿ ಪಾರ್ಶ್ವವಾಯು ಬಡಿದು ಅವರ ಕಚೇರಿ ಜೀವನ ಬಹುತೇಕ ಮುಗಿಯಿತು. 1952ರಲ್ಲಿ ಪುಣೆಯಲ್ಲಿ ತೀರಿಕೊಂಡರು. ನಾಡಿಗೇರ ವಾಡೆಯಲ್ಲಿ ಅವರ ಹೆಸರಿನ ಸಂಗೀತೋತ್ಸವಕ್ಕೆ ಸೇರುವ ಜನ ಕೇಳುವುದು ಶಿಷ್ಯ ಪ್ರಶಿಷ್ಯರನ್ನು. ಗುರುವಿನ ದನಿಯನ್ನು ಕೇಳಬೇಕೆಂದರೆ ಆ ಮೂರು ನಿಮಿಷಗಳಿಗೇ ಹೋಗಬೇಕು.

ಹಾಗಾಗಿ ತಂದೆತಾಯಿಗಳಲ್ಲಿ ಒಂದು ಮಾತು. ಕುಂದಗೋಳ, ಅಣ್ಣಿಗೇರಿ, ನವಲಗುಂದ, ಕಲಘಟಗಿಯ ಹಳೆಯ ಮನೆಗಳಲ್ಲಿ ಅಟ್ಟದ ಮೇಲೆ, ಕಾಳಿನ ಚೀಲಗಳ ಹಿಂದೆ, ಅಜ್ಜನ ಕಾಲದ ಪ್ಲೇಟುಗಳು ಇದ್ದರೂ ಇರಬಹುದು. ಮನೆ ಕೆಡವಿ ಕಟ್ಟುವಾಗ ಗುಜರಿಗೆ ಹಾಕಬೇಡಿ. ನಮ್ಮ ಕಾನೂನಿನಲ್ಲಿ ಪ್ರಕಟವಾದ ಧ್ವನಿಮುದ್ರಿಕೆಯ ಹಕ್ಕು 60 ವರ್ಷ. 1950ರ ದಶಕದವರೆಗಿನ ತಟ್ಟೆಗಳ ಮಟ್ಟಿಗೆ ಆ ಅವಧಿ ಮುಗಿದಿದೆ. ಗೀತೆಯ ಹಕ್ಕು ಮಾತ್ರ ಬೇರೆ.

ಮಕ್ಕಳು ಮಾಡಬಹುದಾದ ಕೆಲಸವೂ ಇದೆ. ಚೀಟಿಯ ಮೇಲಿನ ಹೆಸರು, ಕಂಪನಿ, ಸಂಖ್ಯೆ ಬರೆದಿಟ್ಟುಕೊಳ್ಳಿ. ಚೀಟಿಯ ಅಂಚಿಗೆ ಅರಗಿನಲ್ಲೇ ಮೂಡಿರುವ ಸಣ್ಣ ಅಂಕಿಯನ್ನೂ ಬಿಡಬೇಡಿ, ಯಾವ ಅಚ್ಚಿನದೆಂದು ಹೇಳುವುದು ಅದೇ. ಎಲ್.ಪಿ.ಯ ಸೂಜಿ ಹಾಕಿ ನುಡಿಸಬೇಡಿ. 78ರ ಗೀರು ಅದಕ್ಕಿಂತ ಸುಮಾರು ಮೂರು ಪಟ್ಟು ಅಗಲ, ಸೂಜಿ ತಳ ಕೆರೆಯುತ್ತದೆ. ಧೂಳನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ. ಸ್ಪಿರಿಟ್ಟನ್ನಂತೂ ಮುಟ್ಟಿಸಲೇಬೇಡಿ, ಅರಗು ಅದರಲ್ಲಿ ಕರಗುತ್ತದೆ. ತಟ್ಟೆಗಳನ್ನು ಒಂದರ ಮೇಲೊಂದು ಒಟ್ಟದೆ ಪುಸ್ತಕದಂತೆ ನಿಲ್ಲಿಸಿಡಿ, ಬಿಸಿಲು ಬೀಳದ ಕಡೆ.