ನಿಮಗಿದು ಗೊತ್ತೇ? ಗೇಮ್‌ನಿಂದ ಅನಿಮೆಗೆ ಜಿಗಿದ ಕಥೆಗಳು

ವಿಡಿಯೊ ಗೇಮ್‌ನಲ್ಲಿ ನಾಯಕ ಎಡಕ್ಕೆ ಹೋಗಬೇಕೋ ಬಲಕ್ಕೋ ಎಂದು ತೀರ್ಮಾನಿಸುವವರು ನೀವು. ಅದೇ ಕಥೆ ಅನಿಮೆಯಾದರೆ ಆ ಅಧಿಕಾರ ನಿರ್ದೇಶಕರ ಪಾಲು. ಹೀಗೆ ಕೈ ಬದಲಾದಾಗ ಕಥೆಗೆ ಏನೇನಾಯಿತು? ಇಲ್ಲಿವೆ ಒಂದಷ್ಟು ಸಂಗತಿಗಳು.

● ಬರಿಗೈಲಿ ಮರಳಿದ ಮಾರಿಯೊ: ಗೇಮ್ ಆಧರಿಸಿದ ಮೊದಮೊದಲ ಸಿನಿಮಾಗಳಲ್ಲೊಂದು ಬಂದದ್ದು ಹಾಲಿವುಡ್‌ನಿಂದಲ್ಲ. 1986ರ ಜುಲೈ 20ರಂದು ಜಪಾನಿನಲ್ಲಿ ತೆರೆಕಂಡ, ಸುಮಾರು ಒಂದು ಗಂಟೆಯ ‘ಸೂಪರ್ ಮಾರಿಯೊ ಬ್ರದರ್ಸ್’ ಅನಿಮೆ ಅದು. ಅದರಲ್ಲಿ ಮಾರಿಯೊ ಪ್ಲಂಬರ್ ಅಲ್ಲ, ದಿನಸಿ ಅಂಗಡಿಯವನು. ರಾತ್ರಿ ಕೂತು ಗೇಮ್ ಆಡುತ್ತಿರುವಾಗ ಟಿವಿಯೊಳಗಿಂದಲೇ ರಾಜಕುಮಾರಿ ಪೀಚ್ ಹೊರಗೆ ಜಿಗಿಯುತ್ತಾಳೆ. ಅವಳನ್ನು ಕಾಪಾಡಲು ಇಷ್ಟೆಲ್ಲ ಹೋರಾಡಿದ ಮೇಲೆ ತಿಳಿಯುವುದೇನು? ಆಕೆಗೆ ಬೇರೊಬ್ಬ ರಾಜಕುಮಾರನೊಂದಿಗೆ ಮದುವೆ ನಿಶ್ಚಯವಾಗಿದೆ!

● ನಿದ್ದೆ ಮಾಡಿದ್ದಕ್ಕೆ ಸಿಕ್ಕ ಪಿಕಾಚು: 1996ರ ಫೆಬ್ರುವರಿ 27ರಂದು ಬಂದ ಪೋಕೆಮಾನ್ ‘ರೆಡ್’ ಮತ್ತು ‘ಗ್ರೀನ್’ ಗೇಮ್‌ಗಳ ನಾಯಕ ತುಟಿ ಬಿಚ್ಚುವುದಿಲ್ಲ. ಮೂರು ಪೋಕೆಮಾನ್‌ಗಳಲ್ಲಿ ಒಂದನ್ನು ನೀವೇ ಅವನಿಗೆ ಆರಿಸಿಕೊಡಬೇಕು. ಆ ಮೂರರಲ್ಲಿ ಪಿಕಾಚು ಇಲ್ಲವೇ ಇಲ್ಲ. 1997ರ ಏಪ್ರಿಲ್‌ನಲ್ಲಿ ಶುರುವಾದ ಅನಿಮೆಯಲ್ಲಿ ಹುಡುಗ ಏಳುವುದೇ ತಡವಾಗಿ. ಅಷ್ಟರಲ್ಲಿ ಮೂರೂ ಖಾಲಿ. ಉಳಿದದ್ದು ಮಾತು ಕೇಳದ ಪಿಕಾಚು ಒಂದೇ. ನಾವು ಆ್ಯಶ್ ಎನ್ನುವ ಆ ಹುಡುಗ ಜಪಾನಿನಲ್ಲಿ ಸತೋಶಿ, ಗೇಮ್ ಸೃಷ್ಟಿಸಿದ ಸತೋಶಿ ತಾಜಿರಿಯ ಹೆಸರು. ಎದುರಾಳಿಗೆ ಮಾರಿಯೊ ಸೃಷ್ಟಿಕರ್ತ ಶಿಗೇರು ಮಿಯಾಮೊಟೊ ಅವರ ಹೆಸರು.

● ನಿಯಮ ಮುರಿದ ನೀರು: ಗೇಮ್‌ನ ನಿಯಮದ ಪ್ರಕಾರ ನೆಲದ ಜಾತಿಯ ಪೋಕೆಮಾನ್‌ಗೆ ವಿದ್ಯುತ್ ತಟ್ಟುವುದೇ ಇಲ್ಲ. ಜಿಮ್ ನಾಯಕ ಬ್ರಾಕ್‌ನ ಬಂಡೆಹಾವು ಓನಿಕ್ಸ್ ಎದುರು ಪಿಕಾಚು ನಿಂತರೆ ಸೊನ್ನೆ ಪರಿಣಾಮ. ಅನಿಮೆಯ ಐದನೇ ಕಂತಿನಲ್ಲಿ ಮಾತ್ರ ಪಿಕಾಚುವಿನ ಮಿಂಚಿಗೆ ಬೆಂಕಿ ಹೊತ್ತಿ, ಚಾವಣಿಯ ಸ್ಪ್ರಿಂಕ್ಲರ್ ಚಿಮ್ಮಿ, ಒದ್ದೆಯಾದ ಓನಿಕ್ಸ್ ನರಳತೊಡಗುತ್ತದೆ. ಗೆಲುವು ಕೈಗೆ ಬಂತು ಎನ್ನುವಾಗ ಬ್ರಾಕ್‌ನ ತಮ್ಮ-ತಂಗಿಯರು ಓಡಿಬಂದು ಆ್ಯಶ್‌ನನ್ನು ಹಿಡಿದುಕೊಳ್ಳುತ್ತಾರೆ. ಅವನು ಪಂದ್ಯವನ್ನೇ ಬಿಟ್ಟುಕೊಡುತ್ತಾನೆ. ಆದರೂ ಬ್ಯಾಡ್ಜ್ ಸಿಗುತ್ತದೆ. ಗೇಮ್‌ನಲ್ಲಿ ಸೋತವರಿಗೆ ಇಂಥ ರಿಯಾಯಿತಿ ಇಲ್ಲ.

● ಸಾಲ ತೀರಿಸಿದ ಗೇಮ್: ಅನಿಮೆ ಎಷ್ಟು ಗೆದ್ದಿತೆಂದರೆ ಗೇಮೇ ಅದನ್ನು ಹಿಂಬಾಲಿಸಿತು. 1998ರ ಸೆಪ್ಟೆಂಬರ್‌ನಲ್ಲಿ ಬಂದ ಪೋಕೆಮಾನ್ ‘ಯೆಲ್ಲೊ’ದಲ್ಲಿ ಆಯ್ಕೆಯ ಮಾತೇ ಇಲ್ಲ, ಪಿಕಾಚುವೇ ನಿಮ್ಮ ಸಂಗಾತಿ. ನಡೆದಲ್ಲೆಲ್ಲ ಹಿಂದೆಯೇ ಬರುತ್ತದೆ, ತಿರುಗಿ ಮಾತನಾಡಿಸಿದರೆ ಮುಖಭಾವ ತೋರಿಸುತ್ತದೆ, ರೂಪಾಂತರ ಮಾಡುವ ಕಲ್ಲು ಕೊಟ್ಟರೆ ಬೇಡವೆನ್ನುತ್ತದೆ. ಖಳತಂಡ ಟೀಮ್ ರಾಕೆಟ್‌ನ ಜೆಸ್ಸಿ, ಜೇಮ್ಸ್ ಜೋಡಿಯೂ ಟಿವಿಯಿಂದ ಗೇಮ್‌ಗೆ ಬಂದರು.

● ತಪ್ಪು ಯಾರದೋ, ಶಿಕ್ಷೆ ಯಾರಿಗೋ: 1997ರ ಡಿಸೆಂಬರ್ 16ರ ಪೋಕೆಮಾನ್ ಕಂತಿನಲ್ಲಿ ಕೆಂಪು-ನೀಲಿ ಬೆಳಕು ಸೆಕೆಂಡಿಗೆ 12 ಬಾರಿ ಮಿನುಗಿತು. ಜಪಾನಿನಲ್ಲಿ 600ಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು, ಅವರಲ್ಲಿ ಬಹುತೇಕರು ಮಕ್ಕಳು. ಪ್ರಸಾರ ನಾಲ್ಕು ತಿಂಗಳು ನಿಂತಿತು. ಕಥೆಯಲ್ಲಿ ಆ ಬೆಳಕಿಗೆ ಕಾರಣ ಪಿಕಾಚುವಿನ ಮಿಂಚು. ಅನಿಮೆಯಿಂದ ಬಹುತೇಕ ಬಹಿಷ್ಕಾರಕ್ಕೊಳಗಾದದ್ದು ಮಾತ್ರ ಆ ಕಂತಿನ ಅತಿಥಿ ಪೊರಿಗಾನ್. ಗೇಮ್‌ಗಳಲ್ಲಿ ಅದು ಈಗಲೂ ಆರಾಮಾಗಿದೆ, ಎರಡು ಹೊಸ ರೂಪಗಳನ್ನೂ ಪಡೆದಿದೆ.

● 25 ವರ್ಷದ ಪಂದ್ಯ: ಗೇಮ್‌ನಲ್ಲಿ ಚಾಂಪಿಯನ್ ಆಗಲು ಒಂದು ಬೇಸಿಗೆ ರಜೆ ಸಾಕು. ಆ್ಯಶ್ ವಿಶ್ವ ಚಾಂಪಿಯನ್ ಆದದ್ದು 2022ರ ನವೆಂಬರ್‌ನಲ್ಲಿ, ಟಿವಿಗೆ ಬಂದು 25 ವರ್ಷ ದಾಟಿದ ಮೇಲೆ. ಅವನ ವಯಸ್ಸು ಮಾತ್ರ ಹತ್ತರಲ್ಲೇ ನಿಂತಿತ್ತು! 2023ರಲ್ಲಿ ಲಿಕೊ ಮತ್ತು ರಾಯ್ ಎಂಬ ಮಕ್ಕಳಿಗೆ ಜಾಗ ಬಿಟ್ಟುಕೊಟ್ಟ.

● ಒಂದು ಗೇಮ್, ಮೂರು ನಾಯಕಿಯರು: 2004ರ ‘ಫೇಟ್/ಸ್ಟೇ ನೈಟ್’ನಲ್ಲಿ ಒಂದೇ ಯುದ್ಧಕ್ಕೆ ನಾಯಕಿಗೊಂದರಂತೆ ಮೂರು ದಾರಿ, ಒಂದನ್ನು ಮುಗಿಸಿದರೆ ಮತ್ತೊಂದು ತೆರೆಯುತ್ತದೆ. ಅನಿಮೆಗೆ ಇದೇ ತಲೆನೋವಾಯಿತು. 2006ರ ಸರಣಿ ಸೇಬರ್‌ಳ ದಾರಿ ಹಿಡಿಯಿತು, 2014-15ರ ಸರಣಿ ರಿನ್‌ಳದ್ದು. ಸಕುರಾಳ ದಾರಿಗೆ 2017ರಿಂದ 2020ರವರೆಗೆ ಮೂರು ಸಿನಿಮಾಗಳೇ ಬೇಕಾದವು.

● ಅನಿಮೆ ಇಟ್ಟ ಹೆಸರು: 2008ರ ‘ಪರ್ಸೋನಾ 4’ರ ನಾಯಕನಿಗೆ ನೀವು ಇಟ್ಟದ್ದೇ ಹೆಸರು. 2011ರ ಅನಿಮೆ ಅವನನ್ನು ಯು ನರುಕಾಮಿ ಎಂದು ಕರೆಯಿತು. ಮರುವರ್ಷದ ‘ಪರ್ಸೋನಾ 4 ಅರೀನಾ’ ಗೇಮ್ ಅದನ್ನೇ ಒಪ್ಪಿಕೊಂಡಿತು. ಕಂತಿನ ನಡುವಿನ ವಿರಾಮದಲ್ಲಿ ಅವನ ಧೈರ್ಯ, ಜ್ಞಾನಗಳ ಅಂಕಪಟ್ಟಿಯೂ ಗೇಮ್‌ನ ರೀತಿಯಲ್ಲೇ ಮೂಡುತ್ತದೆ.

● ಬೀಳದ ಕಪಾಳಮೋಕ್ಷ: 2009ರ ‘ಸ್ಟೈನ್ಸ್;ಗೇಟ್’ನಲ್ಲಿ ಕಥೆ ತಿರುಗುವುದು ಮೊಬೈಲ್‌ನಿಂದ. ಕರೆ ಸ್ವೀಕರಿಸಿದಿರೋ ಇಲ್ಲವೋ, ಯಾವ ಮೇಲ್‌ಗೆ ಉತ್ತರಿಸಿದಿರಿ ಎಂಬುದರ ಮೇಲೆ ಮುಕ್ತಾಯ ನಿಂತಿದೆ. 2011ರ ಅನಿಮೆ ಅಸಲಿ ಮುಕ್ತಾಯದ ದಾರಿಯನ್ನೇ ಹಿಡಿಯಿತು. ಅದರ 23ನೇ ಕಂತಿನಲ್ಲಿ ಸೋತು ಕುಸಿದ ನಾಯಕನ ಕೆನ್ನೆಗೆ ಗೆಳತಿ ಮಯೂರಿ ಬಾರಿಸಿ ಎಬ್ಬಿಸುತ್ತಾಳೆ. 2015ರ ಡಿಸೆಂಬರ್‌ನಲ್ಲಿ ಮರುಪ್ರಸಾರವಾದಾಗ ಆ ಏಟೇ ಬೀಳಲಿಲ್ಲ! ಅವನು ಎದ್ದೇಳದಿದ್ದರೆ ಏನಾಗುತ್ತಿತ್ತು ಎಂಬ ಕಥೆಯ ‘ಸ್ಟೈನ್ಸ್;ಗೇಟ್ 0’ ಗೇಮ್ ಅದೇ ತಿಂಗಳು ಬಿಡುಗಡೆಯಾಯಿತು.

● ವೇಷ ಮರೆಸಿದ ಸರಣಿ: 2002ರಲ್ಲಿ ಶುರುವಾದ ‘ಹಿಗುರಾಶಿ’ ಗೇಮ್‌ನಲ್ಲಿ ಆಯ್ಕೆಗಳೇ ಇಲ್ಲ, ಓದಿ, ಕೊಲೆಗಾರ ಯಾರೆಂದು ತಲೆ ಓಡಿಸುವುದಷ್ಟೇ ಕೆಲಸ. 2020ರಲ್ಲಿ ಹಳೆಯ ಕಥೆಯ ಮರುನಿರ್ಮಾಣ ಎಂದು ಹೇಳಿಕೊಂಡು ಹೊಸ ಅನಿಮೆ ಬಂತು. ಎರಡನೇ ಕಂತಿನಲ್ಲಿ ನಿಜವಾದ ಶೀರ್ಷಿಕೆ ಬಯಲಾಯಿತು: ಅದು ಹೊಚ್ಚಹೊಸ ಕಥೆ.

● ಅರ್ಧ ಡಿಸ್ಕ್‌ನಲ್ಲಿ, ಅರ್ಧ ಡಿವಿಡಿಯಲ್ಲಿ: 2002ರಲ್ಲಿ ಶುರುವಾದ ‘.ಹ್ಯಾಕ್’ ಗೇಮ್‌ನ ನಾಲ್ಕೂ ಭಾಗಗಳ ಜೊತೆ ಒಂದೊಂದು ಅನಿಮೆ ಡಿವಿಡಿ ಸಿಗುತ್ತಿತ್ತು. ಆನ್‌ಲೈನ್ ಲೋಕದಲ್ಲಿ ನಡೆಯುವುದು ಗೇಮ್‌ನಲ್ಲಿ, ಅದೇ ಹೊತ್ತಿಗೆ ನಿಜ ಜಗತ್ತಿನಲ್ಲಿ ನಡೆಯುವುದು ಡಿವಿಡಿಯಲ್ಲಿ.

● ಮೀನು ತಿಂದು ಮುಗಿದ ಕಥೆ: 2017ರ ‘ನಿಯರ್: ಆಟೊಮಾಟಾ’ಕ್ಕೆ ಎ ಯಿಂದ ಝಡ್‌ವರೆಗೆ 26 ಮುಕ್ತಾಯಗಳು. ಒಂದರಲ್ಲಂತೂ ಯಂತ್ರಮಾನವಿ ಬಂಗುಡೆ ತಿಂದು ಸತ್ತು, ತೆರೆಯ ಮೇಲೆ ಹೆಸರುಗಳು ಓಡತೊಡಗುತ್ತವೆ! 2023ರ ಅನಿಮೆಗೆ ಒಂದೇ ಕಥೆ ಹೇಳಲು ಸಾಧ್ಯ. ಹಾಗಾಗಿ ಈ ತಮಾಷೆಯ ಮುಕ್ತಾಯಗಳನ್ನು ಕಂತಿನ ಕೊನೆಗೆ ಬೊಂಬೆಯಾಟವಾಗಿ ಅಂಟಿಸಿದರು.

● ತೆರೆಯ ಮೇಲೆ ಬದುಕಿದ ಕುದುರೆ: ಜಪಾನಿನ ನಿಜವಾದ ರೇಸ್ ಕುದುರೆಗಳನ್ನು ಹುಡುಗಿಯರಾಗಿಸಿದ ‘ಉಮಾ ಮುಸುಮೆ’ಯಲ್ಲಿ ಕ್ರಮವೇ ಉಲ್ಟಾ. ಗೇಮ್ ತಡವಾಗಿ, ಅನಿಮೆಯೇ 2018ರಲ್ಲಿ ಮೊದಲು ಬಂತು. ಗೇಮ್ 2021ರ ಫೆಬ್ರುವರಿಯಲ್ಲಿ. ಸೈಲೆನ್ಸ್ ಸುಝುಕಾ ಎಂಬ ಕುದುರೆ 1998ರ ನವೆಂಬರ್ 1ರ ಟೆನ್ನೊ ಶೋ ರೇಸಿನಲ್ಲಿ ಎಲ್ಲರಿಗಿಂತ ಬಹಳ ಮುಂದಿದ್ದಾಗ ಕಾಲು ಮುರಿದುಕೊಂಡಿತು. ಅದಕ್ಕೆ ದಯಾಮರಣ ಕೊಡಬೇಕಾಯಿತು. ಅನಿಮೆಯಲ್ಲೂ ಅದೇ ರೇಸ್, ಅದೇ ಗಾಯ. ಆದರೆ ಗೆಳತಿ ಸ್ಪೆಷಲ್ ವೀಕ್ ಓಡಿಬಂದು ಅವಳನ್ನು ಆತುಕೊಳ್ಳುತ್ತಾಳೆ. ಸುಝುಕಾ ಚೇತರಿಸಿಕೊಂಡು ಮತ್ತೆ ರೇಸಿಗಿಳಿಯುತ್ತಾಳೆ.

● ಜಾಕೆಟ್ ತಂದ ಜನ: ಪೋಲೆಂಡಿನ ‘ಸೈಬರ್‌ಪಂಕ್ 2077’ ಗೇಮ್ 2020ರ ಡಿಸೆಂಬರ್‌ನಲ್ಲಿ ದೋಷಗಳ ರಾಶಿಯೊಂದಿಗೆ ಬಂತು, ಸೋನಿ ತನ್ನ ಡಿಜಿಟಲ್ ಅಂಗಡಿಯಿಂದಲೇ ಅದನ್ನು ತೆಗೆದುಹಾಕಿತು. 2022ರ ಸೆಪ್ಟೆಂಬರ್‌ನಲ್ಲಿ ಜಪಾನಿನ ಟ್ರಿಗರ್ ಸ್ಟುಡಿಯೊ ಮಾಡಿದ ಹತ್ತು ಕಂತಿನ ‘ಎಡ್ಜ್‌ರನ್ನರ್ಸ್’ ನೆಟ್‌ಫ್ಲಿಕ್ಸ್‌ಗೆ ಬಂದಾಗ ಚಿತ್ರವೇ ಬದಲಾಯಿತು. ಅದೇ ತಿಂಗಳು ದಿನಕ್ಕೆ ಹತ್ತು ಲಕ್ಷ ಜನ ಗೇಮ್ ಆಡತೊಡಗಿದರು. ಅನಿಮೆ ನಾಯಕ ಡೇವಿಡ್‌ನ ಹಳದಿ ಜಾಕೆಟ್ ಗೇಮ್‌ನಲ್ಲಿ ತೊಡಲು ಸಿಗುತ್ತದೆ. ಅವನ ಕಥೆ ಮುಗಿಸುವ ಆ್ಯಡಮ್ ಸ್ಮ್ಯಾಷರ್ ಮೇಲೆ ಸೇಡು ತೀರಿಸಿಕೊಳ್ಳುವ ಅವಕಾಶವೂ ಅಲ್ಲೇ.

● ಮೊದಲು ಯಾವುದು? ‘ಪರ್ಸೋನಾ 4’ರ ಅನಿಮೆ ಮೊದಲು ನೋಡಿದರೆ ಕೊಲೆಗಾರ ಪುಕ್ಕಟೆ ಸಿಕ್ಕಿಬೀಳುತ್ತಾನೆ, ಗೇಮ್ ಮೊದಲಿರಲಿ. ‘ಸೈಬರ್‌ಪಂಕ್’ನಲ್ಲಿ ಅನಿಮೆಯೇ ಮೊದಲಿರಲಿ, ಅದು ಗೇಮ್‌ಗಿಂತ ಹಿಂದಿನ ಕಥೆ. ‘ಡಂಗನ್‌ರೊನ್ಪಾ 3’ ಎಂಬ ಗೇಮ್ ಹುಡುಕುತ್ತಿದ್ದರೆ ಬಿಟ್ಟುಬಿಡಿ: ‘ಡಂಗನ್‌ರೊನ್ಪಾ’ ಗೇಮ್‌ಗಳ ಶಾಲೆಯ ಕಥೆಯ ಮೂರನೇ ಭಾಗ 2016ರಲ್ಲಿ ಬಂದದ್ದು ಅನಿಮೆಯಾಗಿಯೇ. ಮೊದಲೆರಡು ಗೇಮ್ ಆಡದೆ ಅದನ್ನು ನೋಡಲು ಕೂತರೆ ತಲೆಬುಡ ತಿಳಿಯುವುದಿಲ್ಲ.