ನಿಮಗಿದು ಗೊತ್ತೆ? ಗ್ಲೌಸ್ ಒಳಗಿನ ಪಟ್ಟಿ
ಬಾಕ್ಸರ್‌ಗಳು ಗ್ಲೌಸ್ ತೊಡುವ ಮುನ್ನ ಕೈಗೆ ಸುತ್ತಿಕೊಳ್ಳುವ ಬಟ್ಟೆಪಟ್ಟಿ ಸಾಮಾನ್ಯವಾಗಿ 4.5 ಮೀಟರ್‌ನಷ್ಟು ಉದ್ದವಿರುತ್ತದೆ. ಅದು ಕಾಯುವುದು ಹೊಡೆಯುವವರ ಕೈಯನ್ನೇ! 1885ರಲ್ಲಿ ರೋಮ್‌ನಲ್ಲಿ ಸಿಕ್ಕ ಪ್ರಾಚೀನ ಬಾಕ್ಸರ್‌ನ ಕಂಚಿನ ಪ್ರತಿಮೆಯ ಕೈಗಳಲ್ಲೂ ಚರ್ಮದ ಪಟ್ಟಿಗಳಿವೆ.

ಒಂದು ಕೈಯಲ್ಲಿ 27 ಮೂಳೆಗಳು. ಮಣಿಕಟ್ಟಿನಲ್ಲೇ 8 ಪುಟ್ಟ ಮೂಳೆಗಳು. ಗುದ್ದು ತಪ್ಪಾಗಿ ಬಿದ್ದರೆ ಹೆಚ್ಚಾಗಿ ಮುರಿಯುವುದು ಕಿರುಬೆರಳಿನ ಗೆಣ್ಣಿನ ಹಿಂದಿನ ಮೂಳೆ. ವೈದ್ಯರು ಅದಕ್ಕೆ 'ಬಾಕ್ಸರ್ಸ್ ಫ್ರ್ಯಾಕ್ಚರ್' ಎನ್ನುತ್ತಾರೆ. ತೋರುಬೆರಳು, ನಡುಬೆರಳಿನ ಗೆಣ್ಣುಗಳಿಂದಲೇ ಗುದ್ದಬೇಕೆಂದು ತರಬೇತುದಾರರು ಪಟ್ಟು ಹಿಡಿಯುವುದು ಇದಕ್ಕೇ.

ಪಟ್ಟಿಯ ತುದಿಯ ಕುಣಿಕೆಗೆ ಹೆಬ್ಬೆರಳು ತೂರಿಸಿ, ಬೆರಳುಗಳನ್ನು ಅಗಲಿಸಿಟ್ಟು, ಮಣಿಕಟ್ಟಿಗೂ ಗೆಣ್ಣುಗಳಿಗೂ ಸುತ್ತಬೇಕು. ಮುಷ್ಟಿ ಕಟ್ಟಿದಾಗ ಬಿಗಿ ಸರಿಯಾಗಿ ಕೂರುತ್ತದೆ. ಮಣಿಕಟ್ಟಿಗೆ ಒಂದೆರಡು ಸುತ್ತು ಹೆಚ್ಚೇ ಇರಲಿ. ಬೆರಳತುದಿ ಜುಮ್ಮೆಂದರೆ ಸಹಿಸಿಕೊಳ್ಳದೆ ಬಿಚ್ಚಿ ಮತ್ತೆ ಕಟ್ಟಿ.