ನಿಮಗಿದು ಗೊತ್ತೆ? ಖಾಲಿ ಪಿಕಪ್ ಕುಪ್ಪಳಿಸುವುದೇಕೆ?

ನವಿ ಮುಂಬಯಿಯ ವಾಶಿ ಎಪಿಎಂಸಿಗೆ ತರಕಾರಿ ಮೂಟೆ ಹೊತ್ತು ತರುವಾಗ ಮೆತ್ತಗೆ ಸಾಗುವ ಹಳೆಯ ಪಿಕಪ್, ಖಾಲಿಯಾಗಿ ಶಿಳ್‌ಫಾಟಾ ದಾರಿಯಲ್ಲಿ ಡೊಂಬಿವಲಿ, ಕಲ್ಯಾಣಕ್ಕೆ ಮರಳುವಾಗ ಕುಪ್ಪಳಿಸುತ್ತದೆ. ಹಿಂದಿನ ಕಮಾನು ಪಟ್ಟಿಗಳು ತುಂಬು ಭಾರಕ್ಕೆಂದೇ ಬಿಗಿಯಾಗಿರುವುದು ಇದಕ್ಕೆ ಕಾರಣ.

● ಉದ್ದ, ಅಗಲ ಅಷ್ಟೇ ಇದ್ದು ಪಟ್ಟಿಯ ದಪ್ಪ 2 ಪಟ್ಟಾದರೆ ಬಿಗಿ 8 ಪಟ್ಟಾಗುತ್ತದೆ!

● ಮಳೆಗಾಲದ ತುಕ್ಕು ಪಟ್ಟಿಗಳ ನಡುವೆ ಸೇರಿದರೆ ಅವು ಸಲೀಸಾಗಿ ಜಾರುವುದಿಲ್ಲ; ಕುಲುಕಾಟ ಹೆಚ್ಚುತ್ತದೆ. ಪಟ್ಟಿ ಬಿಚ್ಚಿ ಸ್ವಚ್ಛಗೊಳಿಸಿದರೆ, ಸವೆದ ಬುಷ್ ಬದಲಿಸಿದರೆ ಅರ್ಧ ಕಾಟ ತಪ್ಪಿದಂತೆ.

● ಶಾಕ್ ಅಬ್ಸಾರ್ಬರ್ ಭಾರ ಹೊರುವುದಿಲ್ಲ, ಕಮಾನಿನ ಕುಣಿತಕ್ಕೆ ಕಡಿವಾಣ ಹಾಕುತ್ತದೆ ಅಷ್ಟೆ. ಎಣ್ಣೆ ಸೋರುತ್ತಿದ್ದರೆ ಬದಲಿಸಬೇಕು.

● ಹೆಚ್ಚುವರಿ ಪಟ್ಟಿ ಸೇರಿಸಿದರೆ ಗಾಡಿ ಜಗ್ಗುವುದು ತಗ್ಗೀತು. ಸವಾರಿ ಮಾತ್ರ ಇನ್ನಷ್ಟು ಒರಟಾಗುತ್ತದೆ.